ಕೇಳಬೇಕಾದದ್ದು ಸಿಸ್ಟರ್‌ಗಳನ್ನೇ

ಜೂನ್ 18, 2024, ಮಂಗಳವಾರ
ದಾವಣಗೆರೆ

"ಫಾರ್ಮೆಲ್ಲ ಇಲ್ಲೇ ಬಿಟ್ಟು ಹೋಗಿ, ಸಂಜೆಯೊಳಗೆ ಎಲ್ಲರ ಸೈನ್ ಹಾಕಿಸಿ ಇಟ್ಟಿರ್ತೀನಿ" ಅಂದರು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ರಾತ್ರಿ ಪಾಳಿಯವರ ನಿದ್ದೆಯ ಬಗ್ಗೆ ನಾವು ಮಾಡುವ ಅಧ್ಯಯನ ತಮ್ಮ ಸಿಬ್ಬಂದಿಗೇ ಬೇಕಾದದ್ದು ಅಂತ ಅವರಿಗೂ ಅನ್ನಿಸಿದೆ. ಆದರೂ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ವಾರದ ಆಫ್, ಹಬ್ಬದ ರಜೆ, ಮುಂದಿನ ತಿಂಗಳ ನೈಟ್ ಎಲ್ಲವನ್ನೂ ತೀರ್ಮಾನಿಸುವವರೇ ಒಪ್ಪಿಗೆ ಪತ್ರ ಮುಂದಿಟ್ಟರೆ ಯಾವ ಸಿಸ್ಟರ್ ತಾನೇ ಬೇಡ ಅಂದಾಳು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಮೇಲಿನವರ ಅಧೀನದಲ್ಲಿರುವ ನೌಕರರನ್ನೂ ವಿದ್ಯಾರ್ಥಿಗಳನ್ನೂ ಹೆಚ್ಚಿನ ರಕ್ಷಣೆ ಬೇಕಾದವರ ಸಾಲಿಗೆ ಸೇರಿಸಿದೆ. ನರ್ಸಿಂಗ್ ವಿದ್ಯಾರ್ಥಿನಿಯರ ಪಾಡು ಇನ್ನೂ ಕಷ್ಟ. ಅವರನ್ನು ಸೇರಿಸಿಕೊಳ್ಳುವ ಥೀಸಿಸ್‌ನ ಗೈಡ್, ಅವರಿಗೆ ಇಂಟರ್ನಲ್ ಮಾರ್ಕ್ಸ್ ಕೊಡುವವರೇ ಆಗಿರುತ್ತಾರೆ.

ವಾರ್ಡಿಗೆ ಹೋದದ್ದು ಪಾಳಿ ಬದಲಾಗುವ ಹೊತ್ತಿಗೆ. ಬೆಡ್ಡಿನಿಂದ ಬೆಡ್ಡಿಗೆ ಹ್ಯಾಂಡ್‌ಓವರ್ ನಡೆಯುತ್ತಿತ್ತು, ಡ್ರಿಪ್ ನೋಡಬೇಕು, ರಿಜಿಸ್ಟರ್ ಬರೆಯಬೇಕು. ಆ ಗಡಿಬಿಡಿಯಲ್ಲಿ ಯಾರನ್ನು ಮಾತಾಡಿಸುವುದು? ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದ ಹಿರಿಯ ಸಿಸ್ಟರ್ ಒಬ್ಬರು ತಾವಾಗಿಯೇ ನಿಂತರು. "ಎಂಎಸ್‌ಸಿ ಹುಡುಗೀರು, ಪಿಜಿ ಡಾಕ್ಟರು ಎಲ್ಲ ಬಂದು ತುಂಬಿಸ್ಕೊಂಡು ಹೋಗ್ತಾರೆ ಮೇಡಂ. ಆಮೇಲೆ ಏನಾಯ್ತು ಅಂತ ಒಬ್ಬರೂ ಬಂದು ಹೇಳ್ಲಿಲ್ಲ." ಸ್ವಲ್ಪ ತಡೆದು, "ನಿದ್ದೆ ಬರಲ್ಲ ಅಂತ ನಾನು ಬರ್ದುಕೊಟ್ರೆ ಆಫೀಸಿಗೆ ಗೊತ್ತಾಗುತ್ತಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಇವಳೇ ಬರ್ಕೊಟ್ಟಿದ್ಲು ಅಂತಾರಲ್ಲ?" ಅಂತ ಕೇಳಿದರು.

ಮನೆಗೆ ಬಂದ ಮೇಲೂ ಆ ಪ್ರಶ್ನೆಯೇ ತಲೆಯಲ್ಲಿತ್ತು. 1976ರಲ್ಲಿ ಬಾಸ್ಟನ್ನಿನ ಡಾ. ಫ್ರಾಂಕ್ ಸ್ಪೈಜರ್ ಶುರುಮಾಡಿದ ನರ್ಸಸ್ ಹೆಲ್ತ್ ಸ್ಟಡಿ ನೆನಪಾಯಿತು. ಗರ್ಭನಿರೋಧಕ ಮಾತ್ರೆಗಳಿಂದ ಮುಂದೆ ಏನಾದೀತು ಅನ್ನುವುದು ಆಗಿನ ಮುಖ್ಯ ಪ್ರಶ್ನೆ. ಕಾಯಿಲೆ, ಔಷಧಿಗಳ ಬಗ್ಗೆ ಸರಿಯಾಗಿ ಬರೆಯಬಲ್ಲವರು ಅಂತಲೇ ನರ್ಸ್‌ಗಳನ್ನು ಆರಿಸಿದರು. ಅಮೆರಿಕದ 11 ರಾಜ್ಯಗಳ, 30ರಿಂದ 55 ವಯಸ್ಸಿನ ವಿವಾಹಿತ ನರ್ಸ್‌ಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಯಿತು. 1,21,700 ಮಂದಿ ಸೇರಿದರು. ಆಮೇಲೆ ಎರಡು ವರ್ಷಕ್ಕೊಮ್ಮೆ ಉತ್ತರ ಬರೆದು ಕಳಿಸಿದರು, ಕೇಳಿದಾಗ ಕಾಲಿನ ಉಗುರು ಕತ್ತರಿಸಿ ಕಳಿಸಿದರು, ರಕ್ತವನ್ನೂ ಕೊಟ್ಟರು. 1988ರಲ್ಲಿ ಎಷ್ಟು ವರ್ಷ ರಾತ್ರಿ ಪಾಳಿ ಮಾಡಿದಿರಿ ಅಂತ ಕೇಳಿದ್ದಕ್ಕೆ ಫಲಿತಾಂಶ 2001ರಲ್ಲಿ ಬಂತು: 30 ವರ್ಷ ಮತ್ತು ಅದಕ್ಕೂ ಹೆಚ್ಚು ಕಾಲ ಸರದಿ ನೈಟ್ ಮಾಡಿದವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ತುಸು ಹೆಚ್ಚು. ದೇಹದ ಗಡಿಯಾರವನ್ನು ಏರುಪೇರು ಮಾಡುವ ಪಾಳಿ ಕೆಲಸದಿಂದ ಬಹುಶಃ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹೇಳಿತು.

ನನಗೆ ಮುಖ್ಯ ಅನ್ನಿಸುವುದು ಆ ಪತ್ರಗಳು ನೇರವಾಗಿ ಅವರವರ ಹೆಸರಿಗೇ ಹೋದದ್ದು. ಉತ್ತರಿಸುವುದು ಬಿಡುವುದು ಆಯಾ ನರ್ಸ್‌ಗೆ ಬಿಟ್ಟದ್ದು. ಕಂಡುಕೊಂಡದ್ದನ್ನು ಸುದ್ದಿಪತ್ರವಾಗಿ ಅವಳಿಗೇ ವಾಪಸ್ ಕಳಿಸುತ್ತಾ ಬಂದರು.

ಆದರೆ ಆ ನರ್ಸ್‌ಗಳಲ್ಲಿ ಬಹುಪಾಲು ಬಿಳಿಯರು. ನೈಟ್ ಮುಗಿಸಿ ಬಂದು ಅಡುಗೆ ಮಾಡಿ, ಮಕ್ಕಳಿಗೆ ಬುತ್ತಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಹನ್ನೊಂದಕ್ಕೆ ತಲೆ ಕೆಳಗಿಡುವ ನಮ್ಮ ಸಿಸ್ಟರ್‌ಗಳ ನಿದ್ದೆ ಹೇಗಿದೆ ಅಂತ ಅವರ ಲೆಕ್ಕದಿಂದ ಗೊತ್ತಾಗುವುದಿಲ್ಲ. ಇಲ್ಲಿಯವರನ್ನೇ ಕೇಳಬೇಕು, ಅವರು ಹೆದರದೆ ಹೇಳುವ ಹಾಗೆ ಕೇಳಬೇಕು.

ರಾತ್ರಿ ಕೂತು, ಸೇರುವವರಿಗೆ ಕೊಡುವ ಮಾಹಿತಿ ಪತ್ರ ತಿದ್ದಿದೆ. ಉತ್ತರ ಆಸ್ಪತ್ರೆಯವರ ಕೈಗೆ ಹೋಗುವುದಿಲ್ಲ ಅನ್ನುವುದು ಮೊದಲ ಪುಟದ ಮೊದಲ ಸಾಲಿಗೆ ಬಂತು. ಪ್ರಶ್ನಾವಳಿಯಲ್ಲಿ ಹೆಸರಿಲ್ಲ, ಬರೀ ನಂಬರು. ಮನೆಗೆ ಒಯ್ದು ತುಂಬಿ, ಕವರ್ ಅಂಟಿಸಿ, ನಮ್ಮ ಬೀಗದ ಪೆಟ್ಟಿಗೆಗೆ ಹಾಕಬಹುದು. ಒಪ್ಪಿಗೆ ಪತ್ರವನ್ನು ಬೇರೆಯಾಗಿಯೇ ಇಡುತ್ತೇವೆ. ಫಲಿತಾಂಶವನ್ನು ಕನ್ನಡದಲ್ಲಿ, ಮೂರೂ ಪಾಳಿಯವರಿಗೆ ಬಂದು ಹೇಳುತ್ತೇವೆ ಅಂತಲೂ ಬರೆದಿದ್ದೇನೆ. ಸೂಪರಿಂಟೆಂಡೆಂಟ್ ಮೇಡಂಗೆ ಫೋನ್ ಮಾಡಿ, ನೋಟಿಸ್ ಬೋರ್ಡಿಗೆ ಒಂದು ಚೀಟಿ ಹಚ್ಚಿದರೆ ಸಾಕು, ಯಾರು ಸೇರಿದರು ಅಂತ ನಿಮಗೂ ಹೇಳುವುದಿಲ್ಲ ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಬಿಡಿ, ಹಂಗೇ ಮಾಡಿ" ಅಂದರು.

ತಿದ್ದಿದ ಪತ್ರಕ್ಕೆ, ಸಂಶೋಧನೆಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಮತ್ತೆ ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಒಬ್ಬರನ್ನೂ ಸೇರಿಸಿಕೊಳ್ಳುವ ಹಾಗಿಲ್ಲ. ನಾಳೆ ಬೆಳಿಗ್ಗೆಯೇ ಅರ್ಜಿ ಕೊಡಬೇಕು.