ಮನೆಯ ವೈಫೈ ಭದ್ರತೆ: ಆದದ್ದು ಮತ್ತು ಉಳಿದದ್ದು

ಮನೆಯ ವೈಫೈ ಜಾಲಕ್ಕೆ ಹೊರಗಿನವರು ಸೇರದಂತೆ ಮಾಡುವ ಕೆಲಸವನ್ನು, ಈಗ ಅದರಲ್ಲಿ ಯಾರಿದ್ದಾರೆ ಎಂಬುದರಿಂದಲೇ ಆರಂಭಿಸಿದೆ. ರೂಟರ್ ತೋರಿಸುವ ಸಾಧನಗಳ ಪಟ್ಟಿಯಲ್ಲಿ ಕೆಲವಕ್ಕೆ ಹೆಸರಿರಲಿಲ್ಲ, ಮ್ಯಾಕ್ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಮಾತ್ರ ಇತ್ತು. ಆದ್ದರಿಂದ ಮನೆಯ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡಿ, ಪಟ್ಟಿಯಿಂದ ಯಾವುದು ಮರೆಯಾಗುತ್ತದೆಂದು ನೋಡಿಕೊಂಡು, ಪ್ರತಿಯೊಂದಕ್ಕೂ ಗುರುತಿನ ಹೆಸರು ಕೊಟ್ಟೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಜಾಲಕ್ಕೊಂದು ಕೃತಕ ಮ್ಯಾಕ್ ವಿಳಾಸವನ್ನು ತೋರಿಸುವುದರಿಂದ, ಪಟ್ಟಿಯಲ್ಲಿರುವ ಅಪರಿಚಿತ ವಿಳಾಸಗಳೆಲ್ಲವೂ ಅಪರಿಚಿತರದ್ದೇ ಆಗಿರುವುದಿಲ್ಲ.

ರೂಟರಿನ ಆಡಳಿತ ಪುಟದ ಪಾಸ್‌ವರ್ಡ್ ಬದಲಿಸುವುದು, ಇಂಟರ್ನೆಟ್ ಕಡೆಯಿಂದ ಆ ಪುಟ ತೆರೆಯದಂತೆ ಮಾಡುವುದು, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡುವುದು, ಇವು ಒಂದೇ ಬಾರಿಗೆ ಮುಗಿದವು.

ಹೆಚ್ಚು ಯೋಚಿಸಬೇಕಾದದ್ದು ವೈಫೈ ಪಾಸ್‌ವರ್ಡಿನ ಬಗ್ಗೆ. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನ ಬಳಸುವ ಜಾಲದಲ್ಲಿ ಒಂದು ಸಾಧನ ಸೇರುವಾಗ ನಡೆಯುವ ಸಂದೇಶ ವಿನಿಮಯವನ್ನು ಹತ್ತಿರದಲ್ಲಿರುವ ಯಾರಾದರೂ ಹಿಡಿದಿಟ್ಟುಕೊಂಡು, ಆಮೇಲೆ ನಮ್ಮ ರೂಟರಿನ ಗೊಡವೆಯೇ ಇಲ್ಲದೆ, ತಮ್ಮ ಕಂಪ್ಯೂಟರಿನಲ್ಲಿ ಎಷ್ಟು ಪಾಸ್‌ವರ್ಡುಗಳನ್ನಾದರೂ ಪರೀಕ್ಷಿಸಬಹುದು. ಪ್ರತಿ ಊಹೆಗೂ 4096 ಸುತ್ತಿನ ಲೆಕ್ಕ ಮಾಡಬೇಕಾದರೂ, ಚಿಕ್ಕ ಪಾಸ್‌ವರ್ಡನ್ನು ಅದು ಉಳಿಸಲಾರದು. ಆ ಲೆಕ್ಕದಲ್ಲಿ ಜಾಲದ ಹೆಸರೂ ಸೇರುವುದರಿಂದ, ಎಲ್ಲೆಡೆ ಕಾಣುವ ಹೆಸರುಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳು ಸಿಗುತ್ತವೆ. ಹಾಗಾಗಿ ಕಂಪನಿ ಇಟ್ಟಿದ್ದ ಹೆಸರನ್ನೂ ತೆಗೆದುಹಾಕಿದೆ. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ದಾಳ ಉರುಳಿಸಿ ಆರಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಜೋಡಿಸಿಕೊಂಡಿದ್ದೇನೆ. ಗಾದೆಯನ್ನೋ ಹಾಡಿನ ಸಾಲನ್ನೋ ಇಟ್ಟರೆ ನೆನಪಿಡುವುದು ಸುಲಭ, ಆದರೆ ಊಹಿಸಲು ಹೊರಟವರ ಪಟ್ಟಿಯಲ್ಲೂ ಅವೇ ಮೊದಲಿರುತ್ತವೆ.

ಇಷ್ಟು ಉದ್ದದ ಪಾಸ್‌ವರ್ಡನ್ನೂ, ಅದರ ಬದಲು ಪಿನ್ ಬಳಸಿ ಸಾಧನಗಳನ್ನು ಜಾಲಕ್ಕೆ ಸೇರಿಸುವ ಡಬ್ಲ್ಯುಪಿಎಸ್ ಪಿನ್ ಸೌಲಭ್ಯ ವ್ಯರ್ಥ ಮಾಡಬಲ್ಲದು. ಎಂಟು ಅಂಕಿಗಳ ಆ ಪಿನ್ನಿನ ಕೊನೆಯ ಅಂಕಿ ಉಳಿದವುಗಳಿಂದಲೇ ಬರುತ್ತದೆ, ಜೊತೆಗೆ ರೂಟರು ಪಿನ್ನನ್ನು ಎರಡು ಭಾಗವಾಗಿ ಬೇರೆ ಬೇರೆ ಪರಿಶೀಲಿಸುತ್ತದೆ. ಹೀಗಾಗಿ ಹೆಚ್ಚೆಂದರೆ 11,000 ಪ್ರಯತ್ನ ಸಾಕೆಂಬುದು 2011ರಲ್ಲಿಯೇ ಬಹಿರಂಗವಾಯಿತು. ಆ ಸೌಲಭ್ಯವನ್ನು ಪೂರ್ತಿ ನಿಲ್ಲಿಸಿದ್ದೇನೆ.

ಜಾಲದ ಹೆಸರನ್ನು ಮರೆಮಾಡುವುದನ್ನೂ ಮ್ಯಾಕ್ ವಿಳಾಸಗಳ ಸೋಸುವಿಕೆಯನ್ನೂ (ಗೊತ್ತಿರುವ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡುವುದನ್ನು) ಬೇಕೆಂದೇ ಕೈಬಿಟ್ಟೆ. ಸಾಧನವೊಂದು ಸೇರುವಾಗ ಹೆಸರು ಹೇಗೂ ಹೊರಬೀಳುತ್ತದೆ. ಮ್ಯಾಕ್ ವಿಳಾಸವಂತೂ ಎನ್‌ಕ್ರಿಪ್ಟ್ ಆಗದೆಯೇ, ಅಂದರೆ ಗುಪ್ತ ರೂಪಕ್ಕೆ ಬದಲಾಗದೆಯೇ, ಗಾಳಿಯಲ್ಲಿ ಹೋಗುವುದರಿಂದ, ಅದನ್ನು ನೋಡಿ ನಕಲು ಮಾಡುವುದು ಕಷ್ಟವಲ್ಲ. ಇವೆರಡರಿಂದ ತೊಂದರೆಯಾಗುವುದು ಹೆಚ್ಚಾಗಿ ಮನೆಯವರಿಗೇ.

ಈಗ ನಡೆಯುತ್ತಿರುವುದು ಡಬ್ಲ್ಯುಪಿಎ3ಕ್ಕೆ ಬದಲಾಗುವ ಕೆಲಸ. 2018ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಹಿಡಿದಿಟ್ಟ ಸಂದೇಶಗಳಿಂದ ಪಾಸ್‌ವರ್ಡನ್ನು ಊಹಿಸಿ ನೋಡಲಾಗುವುದಿಲ್ಲ. ಪ್ರತಿ ಊಹೆಗೂ ರೂಟರನ್ನೇ ಕೇಳಬೇಕು. ಹಳೆಯ ಸಾಧನಗಳಿಗಾಗಿ ಎರಡನ್ನೂ ಒಟ್ಟಿಗೆ ನಡೆಸುವ ಮಿಶ್ರ ವಿಧಾನವೂ ಇದೆ. ಆದರೆ ಅದರಲ್ಲಿ ಪಾಸ್‌ವರ್ಡ್ ಒಂದೇ ಆದ್ದರಿಂದ, ಅದೇ ಹೆಸರಿನ ನಕಲಿ ಡಬ್ಲ್ಯುಪಿಎ2 ಜಾಲವನ್ನು ತೋರಿಸಿ ಸಾಧನಗಳನ್ನು ಹಳೆಯ ವಿಧಾನಕ್ಕೆ ಎಳೆಯಬಹುದು. ಹೀಗಾಗಿ ಮುಖ್ಯ ಜಾಲದಲ್ಲಿ ಡಬ್ಲ್ಯುಪಿಎ3 ಮಾತ್ರ ಇಟ್ಟು, ಅದನ್ನರಿಯದ ಬಲ್ಬು, ಕ್ಯಾಮೆರಾಗಳನ್ನು ಬೇರೆ ಪಾಸ್‌ವರ್ಡಿನ ಗೆಸ್ಟ್ ಜಾಲಕ್ಕೆ ಕಳಿಸಿದ್ದೇನೆ. ಅಲ್ಲಿಂದ ಮುಖ್ಯ ಜಾಲದ ಕಂಪ್ಯೂಟರುಗಳಿಗೆ ದಾರಿಯಿಲ್ಲ.

ಉಳಿದಿರುವುದು ಪ್ರಿಂಟರು. ಅದಕ್ಕೆ ಡಬ್ಲ್ಯುಪಿಎ3 ಬರುವುದಿಲ್ಲ, ಗೆಸ್ಟ್ ಜಾಲಕ್ಕೆ ಹಾಕಿದರೆ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ಅದರ ವೈಫೈ ಆಫ್ ಮಾಡಿ, ಕೇಬಲ್ ಮೂಲಕ ರೂಟರಿಗೆ ಜೋಡಿಸುವುದು ಮುಂದಿನ ಕೆಲಸ.