ಬ್ರೂಕ್‌ಲ್ಯಾಂಡ್ಸ್: ಕೆರೆಯಿಲ್ಲದ ಏರಿ

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿ ಸರ್ರಿ ಸೀಮೆಯ ವೇಬ್ರಿಜ್‌ನಲ್ಲಿ ಇಳಿದು, ಮನೆಗಳ ಸಾಲನ್ನು ದಾಟಿ ನಡೆದೆ. ಮರಗಳ ನಡುವೆ ಮೊದಲು ಕಣ್ಣಿಗೆ ಬಿದ್ದದ್ದನ್ನು ನಮ್ಮೂರ ಕಡೆಯ ಕೆರೆ ಏರಿಯೆಂದೇ ಭಾವಿಸಿದ್ದೆ. ಹತ್ತಿರ ಹೋದಾಗ ಅದರ ಒಳಮೈಯೆಲ್ಲ ಕಾಂಕ್ರೀಟು. ಬಿರುಕು ಬಿರುಕಿನಲ್ಲೂ ಹುಲ್ಲು. ಸುಮಾರು 9 ಮೀಟರ್ ಎತ್ತರಕ್ಕೆ ವಾಲಿಕೊಂಡು ಏರುವ ಈ ದಂಡೆ, ಮೋಟಾರು ಪಂದ್ಯಕ್ಕೆಂದೇ ಇಳಿಜಾರು ತಿರುವುಗಳೊಡನೆ ಕಟ್ಟಿದ ಜಗತ್ತಿನ ಮೊದಲ ಪಥವಾದ ಬ್ರೂಕ್‌ಲ್ಯಾಂಡ್ಸ್‌ನ ಉಳಿಕೆ.

1903ರ ಕಾಯಿದೆಯ ಪ್ರಕಾರ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ ಮೀರುವಂತಿರಲಿಲ್ಲವಾದ್ದರಿಂದ ಅಲ್ಲಿನ ಕಾರು ತಯಾರಕರಿಗೆ ತಮ್ಮ ಯಂತ್ರದ ಕಸುವನ್ನು ಪರೀಕ್ಷಿಸಲು ಜಾಗವೇ ಇರಲಿಲ್ಲ. ಜಮೀನುದಾರ ಹ್ಯೂ ಲಾಕ್ ಕಿಂಗ್ ತನ್ನ ಸ್ವಂತ ನೆಲದಲ್ಲಿ, ಸ್ವಂತ ಹಣದಲ್ಲಿ 2.75 ಮೈಲಿ ಉದ್ದ, 100 ಅಡಿ ಅಗಲದ ಪಥ ಕಟ್ಟಿಸಿದ. ಅವನ ಆರೋಗ್ಯವೂ ಹಣಕಾಸೂ ಕುಸಿದಾಗ ಕೆಲಸಕ್ಕೆ ಹೆಗಲು ಕೊಟ್ಟವಳು ಪತ್ನಿ ಎಥೆಲ್. 1907ರ ಜೂನ್ 17ರಂದು ಪಥ ತೆರೆದಾಗ ಕಾರುಗಳ ಮೆರವಣಿಗೆಯ ಮುಂದಿನ ಕಾರನ್ನು ಓಡಿಸಿದವಳೂ ಅವಳೇ.

ಮೋಟಾರು ಪಂದ್ಯಕ್ಕೆ ಆಗ ತನ್ನದೇ ಆದ ರೂಢಿಗಳಿರಲಿಲ್ಲ. ಎಲ್ಲವನ್ನೂ ಕುದುರೆ ಜೂಜಿನಿಂದ ಕಡ ತಂದರು. ಕಾರು ನಿಲ್ಲಿಸುವ ಜಾಗ ಪ್ಯಾಡಕ್ ಆಯಿತು. ಚಾಲಕರು ಜಾಕಿಗಳಂತೆ ಬಣ್ಣದ ಅಂಗಿ ತೊಟ್ಟರು. ಪಥ ತೆರೆದು ಹನ್ನೊಂದನೆಯ ದಿನ ಚಾಲಕ ಎಸ್. ಎಫ್. ಎಡ್ಜ್ ನೇಪಿಯರ್ ಕಾರಿನಲ್ಲಿ ಇರುಳೆಲ್ಲ ಲಾಂದ್ರಗಳ ಬೆಳಕಿನಲ್ಲಿ ಓಡಿಸಿ, 24 ಗಂಟೆಗಳಲ್ಲಿ 1,581 ಮೈಲಿ ಕ್ರಮಿಸಿದ. ಸದ್ದಿಗೆ ನಿದ್ದೆಗೆಟ್ಟ ನೆರೆಹೊರೆಯವರು ಸುಮ್ಮನಿರಲಿಲ್ಲ. ರಾತ್ರಿ ಓಟ ನಿಂತಿತು. ಮುಂದೆ 24 ಗಂಟೆಯ ಪಂದ್ಯವನ್ನು ಎರಡು ಹಗಲುಗಳಿಗೆ ಹನ್ನೆರಡು ಹನ್ನೆರಡು ಗಂಟೆಯಂತೆ ಹಂಚಿ, ನಡುವಿನ ಇರುಳಲ್ಲಿ ಕಾರುಗಳಿಗೆ ಬೀಗ ಜಡಿಯುವ ಉಪಾಯ ಹುಡುಕಿದರು! 1913ರ ಫೆಬ್ರವರಿಯಲ್ಲಿ ಒಂದೇ ಗಂಟೆಯಲ್ಲಿ ನೂರು ಮೈಲಿ ದಾಟಿದ ಮೊದಲಿಗನಾದ ಪರ್ಸಿ ಲ್ಯಾಂಬರ್ಟ್, ಅದೇ ವರ್ಷ ಅಕ್ಟೋಬರ್ ಕೊನೆಗೆ ಇದೇ ಪಥದಲ್ಲಿ ಸತ್ತ.

ಕಡಿದಾದ ಇಳಿಜಾರಿನಲ್ಲಿ ಡಾಂಬರು ಹಾಸುವುದು ತೊಡಕಾಗಿದ್ದರಿಂದ ಬರಿಯ ಕಾಂಕ್ರೀಟನ್ನೇ ನೆಚ್ಚಿದ್ದರು. ಕೆಳಗಿನ ಮಣ್ಣು ಕುಸಿದಂತೆ ಮೇಲೆ ಉಬ್ಬುತಗ್ಗುಗಳಾದವು. ವೇ ನದಿಯ ಸೇತುವೆಯ ಬಳಿ ಕಾರುಗಳ ಚಕ್ರಗಳು ನೆಲ ಬಿಟ್ಟೇಳುತ್ತಿದ್ದವು. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಾನು ಬಹಳ ಹೊತ್ತು ನಿಂತದ್ದು ಚಾಲಕ ಜಾನ್ ಕಾಬ್‌ನ ನೇಪಿಯರ್-ರೇಲ್ಟನ್ ಕಾರಿನ ಎದುರಿಗೆ. ಸುಮಾರು 24 ಲೀಟರಿನ ಅದರ ಎಂಜಿನ್ ಮೂಲತಃ ವಿಮಾನದ್ದು. 1935ರ ಅಕ್ಟೋಬರ್ 7ರಂದು ಅದು ಗಂಟೆಗೆ 143.44 ಮೈಲಿ ವೇಗದಲ್ಲಿ ಒಂದು ಸುತ್ತು ಮುಗಿಸಿತು. ಆ ದಾಖಲೆಯನ್ನು ಇಲ್ಲಿ ಯಾರೂ ಮುರಿಯಲಿಲ್ಲ. ಸರಿಯಾಗಿ ಒಂದು ತಿಂಗಳು ಕಳೆಯುವುದರೊಳಗೆ, ನವೆಂಬರ್ 6ರಂದು, ಪಥದ ನಡುವಿನ ಬಯಲಿನಿಂದ ಹರಿಕೇನ್ ಯುದ್ಧವಿಮಾನದ ಮೊದಲ ಮಾದರಿ ಆಕಾಶಕ್ಕೇರಿತು. ಈ ಎರಡು ತೇದಿಗಳನ್ನು ಒಟ್ಟಿಗೆ ಓದಿದಾಗಲೇ ಈ ಜಾಗದ ಕತೆ ನನಗೆ ತಿಳಿಯಾದದ್ದು: ಕಾರಿಗಾಗಿ ಕಟ್ಟಿದ ಪಥವನ್ನು ಅದರ ಮಡಿಲಲ್ಲೇ ಬೆಳೆದ ವಿಮಾನ ನುಂಗಿತ್ತು.

ಕೊನೆಯ ಪಂದ್ಯ ನಡೆದದ್ದು 1939ರ ಆಗಸ್ಟ್ 7ರಂದು. ಯುದ್ಧಕಾಲದಲ್ಲಿ ಇಲ್ಲಿನ ವಿಕರ್ಸ್ ಮತ್ತು ಹಾಕರ್ ವಿಮಾನ ಕಾರ್ಖಾನೆಗಳನ್ನು ಶತ್ರು ವಿಮಾನಗಳ ಕಣ್ಣಿನಿಂದ ಮರೆಸಲು ಕಾಂಕ್ರೀಟಿನಲ್ಲೇ ಗಿಡ ನೆಟ್ಟರು. 1946ರಲ್ಲಿ ಪಥ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಂಪನಿಯ ಪಾಲಾಯಿತು. 1951ರಲ್ಲಿ ವೇಲಿಯಂಟ್ ಬಾಂಬರ್ ವಿಮಾನಗಳಿಗೆ ರನ್‌ವೇ ಬೇಕಾದಾಗ ಏರಿಯನ್ನೇ ಒಡೆದರು. ನಮ್ಮಲ್ಲಿ ಏರಿ ಒಡೆಯಿತೆಂದರೆ ಊರಿಗೆ ಊರೇ ಓಡಿಬರುತ್ತದೆ. ಇಲ್ಲಿ ಅದನ್ನು ನಕ್ಷೆ ಹಾಕಿ ಒಡೆದಿದ್ದರು.

ಹೊರಡುವ ಮುನ್ನ ಏರಿಯ ಮೇಲಂಚು ಮುಟ್ಟಬೇಕೆನಿಸಿತು. ಅರ್ಧ ಹತ್ತುವಷ್ಟರಲ್ಲಿ ಪಾಚಿಗೆ ಬೂಟು ಜಾರತೊಡಗಿತು. ಕಾಬ್ ಗಂಟೆಗೆ 143 ಮೈಲಿಯಲ್ಲಿ ಓಡಿದ್ದ ಆ ಪಥದಲ್ಲಿ ನಾನು ಕೈಯೂರಿ, ಅಡ್ಡಡ್ಡವಾಗಿ ಹೆಜ್ಜೆಯಿಡುತ್ತ ಕೆಳಗಿಳಿದೆ.