ಮೇಲಿನ ಕಣ್ಣು

ಗಣಪತಿ ಬಿಡೋ ಮೆರವಣಿಗೆ ಇವತ್ತು. ಪೊಲೀಸರ ಡ್ರೋನ್ ನಮ್ಮ ಬೀದಿ ಮೇಲೆ ಗುಂಯ್ ಅಂತ ಸುತ್ತುತ್ತಿತ್ತು. ಟೆರೇಸಲ್ಲಿ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆ ಆಂಟಿ ಮೇಲೆ ನೋಡಿದರು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ನಾನು ಡ್ರೋನ್ ಹಾರಿಸೋ ಹುಡುಗನ ಪಕ್ಕ ನಿಂತೆ. ಅವನ ಗಮನವೆಲ್ಲ ಪರದೆ ಮೂಲೆಯ ಬ್ಯಾಟರಿ ಗುರುತಿನ ಮೇಲೆ. ಇಂಥ ಸಣ್ಣ ಡ್ರೋನ್ ಒಂದು ಚಾರ್ಜಿಗೆ ಹಾರೋದು ಅರ್ಧ ಗಂಟೆ ಆಸುಪಾಸು. ಗಾಳಿ ಜಾಸ್ತಿ ಇದ್ದರೆ ಇನ್ನೂ ಕಮ್ಮಿ. ಇಳಿಸು, ಬ್ಯಾಟರಿ ಬದಲಿಸು, ಮತ್ತೆ ಏರಿಸು. ಅಷ್ಟೊತ್ತು ಹಗ್ಗ ಹಿಡಿದು ನಿಂತ ಕಾನ್‌ಸ್ಟೇಬಲ್ಲೇ ಗತಿ. (ಅವರಿಗೆ ಟೀ ಸಿಕ್ಕಿತ್ತೋ ಇಲ್ವೋ!)

ನೂಕುನುಗ್ಗಲು ಎಲ್ಲಿ ಶುರುವಾಗುತ್ತಿದೆ ಅಂತ ಮೇಲಿಂದ ಥಟ್ಟನೆ ಕಾಣುತ್ತದೆ. ಒಳ್ಳೇದೇ. ಆದರೆ ಕ್ಯಾಮೆರಾಗೆ ಬೀದಿಯೂ ಒಂದೇ, ಆಂಟಿಯ ಟೆರೇಸೂ ಒಂದೇ ಅಲ್ವಾ?

2021ರ ಡ್ರೋನ್ ನಿಯಮದಲ್ಲಿ ತೂಕಕ್ಕೆ ಲೆಕ್ಕವಿದೆ, ಎತ್ತರಕ್ಕೂ ಇದೆ. ಹಸಿರು ವಲಯದಲ್ಲಿ, ಅಂದರೆ ನಿರ್ಬಂಧಿತ ಅಂತ ಗುರುತಿಸದ ಜಾಗದಲ್ಲಿ, 400 ಅಡಿವರೆಗೆ ಹಾರಿಸಲು ಮುಂಚಿತ ಅನುಮತಿ ಬೇಡ. ಸರಿ, ಈ ವಿಡಿಯೊ ಎಷ್ಟು ದಿನ ಇಟ್ಟುಕೊಳ್ತೀರಿ, ಯಾರ್‍ಯಾರು ನೋಡ್ತಾರೆ ಅಂತ ಸುಮ್ನೆ ಕೇಳಿದೆ.

"ಸಾರ್, ನಂದು ಹಾರಿಸೋದು ಅಷ್ಟೇ" ಅಂದ.